ಇಪ್ಪತ್ತೆಂಟು ಡಿಗ್ರಿಯ ಸುಳ್ಳು

ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತು.

ಗಾಳಿ ಅಂದುಕೊಂಡೆ. ಆಮೇಲೆ ಕಬ್ಬಿಣದ ಚಿಲಕ ಎಳೆದ ಸದ್ದು ಕೇಳಿಸಿತು. ಗಾಳಿಗೆ ಚಿಲಕ ಹಾಕೋಕೆ ಬರೋದಿಲ್ಲ.

ಏಪ್ರಿಲ್ ತಿಂಗಳು. ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ತಾಂಡೂರಿನ ಹೊರಗೆ, ಕಲ್ಲಿನ ಖಣಿಗಳ ನಡುವೆ, ಬಿಸಿಲಿಗೆ ಮೈಯೊಡ್ಡಿ ನಿಂತ ನಲವತ್ತು ಅಡಿ ಉದ್ದದ ಕಬ್ಬಿಣದ ಕಂಟೇನರ್. ಒಳಗೆ ಎರಡೂ ಕಡೆ ಸೂರಿನವರೆಗೆ ಜೋಡಿಸಿದ ಬ್ಯಾಟರಿ. ಮಧ್ಯೆ ಒಬ್ಬರು ನಡೆಯುವಷ್ಟು ದಾರಿ.

ಆ ದಾರಿಯಲ್ಲಿ ನಾನು.

ಗೋಡೆ ಮೇಲೆ ಒಂದು ಸ್ಕ್ರೀನ್. ಹಸಿರು ಅಂಕಿ. ಇಪ್ಪತ್ತೆಂಟು ಡಿಗ್ರಿ ಅಂತ ತೋರಿಸ್ತಿತ್ತು. ನನ್ನ ಕೈಯಲ್ಲಿ ಶಾಖ ಅಳೆಯೋ ಗನ್ ಇತ್ತು. ಮೂರನೇ ಸಾಲಿಗೆ ಹಿಡಿದೆ.

ಎಪ್ಪತ್ತೊಂದು.

ಎರಡರಲ್ಲಿ ಒಂದು ಸುಳ್ಳು. ಯಾವುದು ಅಂತ ನನ್ನ ಬೆನ್ನ ಮೇಲಿನ ಬೆವರಿಗೆ ಗೊತ್ತಿತ್ತು.

ಅಷ್ಟರಲ್ಲಿ ಒಂದು ಸದ್ದು ಬಂತು. ಕುಕ್ಕರ್ ಸೀಟಿ ಹೊಡೆಯೋಕೆ ಮುಂಚೆ ಸುಸ್ಸ್ ಅಂತದಲ್ಲ, ಹಾಗೆ. ಹಿಂದೆಯೇ ವಾಸನೆ. ಉಗುರಿನ ಬಣ್ಣ ಒರೆಸೋ ನೀರಿನ ಥರ ಸಿಹಿ ವಾಸನೆ.

ಆ ವಾಸನೆ ಗೊತ್ತಿದ್ದವರು ಓಡ್ತಾರೆ. ನನಗೆ ಓಡೋಕೆ ಜಾಗ ಇರಲಿಲ್ಲ.

ಬಾಗಿಲು ಗುದ್ದಿದೆ. ಹೊರಗೆ ಪೀರಪ್ಪ ಇದ್ದ. ಕಂಪನಿ ಮಾಲೀಕನ ಡ್ರೈವರ್. ಗೇಟು ಕಾಯೋದು, ಜನರನ್ನ ಹೆದರಿಸೋದು, ಎರಡೂ ಅವನದೇ ಕೆಲಸ.

"ಪೀರಪ್ಪ, ಒಳಗ ಬ್ಯಾಟರಿ ಗ್ಯಾಸ್ ಬಿಡಾಕತ್ತದ. ಬಾಗಿಲಾ ತಗಿ."

"ಸಾರು ಬರೂತನಕ ಅಲ್ಲೇ ಕೂಡ್ರಿ ಮೇಡಂ," ಅಂದ. "ಎಸಿ ರಿಪೇರಿ ಮಾಡಾಕ ಬಂದೀನಿ ಅಂತ ಸುಳ್ಳು ಹೇಳಿ ಹೊಕ್ಕೀರಿ. ಈಗ ಗ್ಯಾಸ್ ಅಂತೀರಿ."

ಚಪ್ಪಲಿ ಸದ್ದು ದೂರ ಹೋಯಿತು.

ಸುಳ್ಳು ಹೇಳಿದ್ದು ಖರೇ. ಎಸಿ ಮೆಕ್ಯಾನಿಕ್ಕಿನ ನೀಲಿ ಅಂಗಿ ಹಾಕ್ಕೊಂಡು, ಟೂಲ್ ಬ್ಯಾಗ್ ಹಿಡಿದು ಒಳಗೆ ಬಂದಿದ್ದೆ. ಫೋನ್ ಗೇಟಲ್ಲೇ ಕಸಿದುಕೊಂಡಿದ್ದ.

ಈ ಬ್ಯಾಟರಿಗಳ ಗುಣ ಒಂದು ಹೇಳ್ತೀನಿ, ಕೇಳ್ರಿ. ಒಂದು ಸೆಲ್ ಕಾದು ಒಡೆದರೆ ಪಕ್ಕದ್ದನ್ನ ಕಾಯಿಸುತ್ತೆ. ಅದು ಅದರ ಪಕ್ಕದ್ದನ್ನ. ಬಿಟ್ಟ ಗ್ಯಾಸು ಮುಚ್ಚಿದ ಡಬ್ಬಿಯಲ್ಲಿ ತುಂಬಿಕೊಳ್ಳುತ್ತೆ. ಆಮೇಲೆ ಒಂದು ಕಿಡಿ ಸಾಕು. ಸ್ವಿಚ್ ಒತ್ತಿದ ಕಿಡಿಯಾದರೂ ಸಾಕು.

ಅದಕ್ಕೆ ನಾನು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ದುಪಟ್ಟಾ ಮೂಗಿಗೆ ಕಟ್ಟಿದೆ. ಬಗ್ಗಿ ನಡೆದೆ.

ಹಿಂದಿನ ಗೋಡೆಯಲ್ಲಿ ಎಸಿ ಇತ್ತು. ಬ್ಯಾಟರಿ ತಣ್ಣಗಿಡೋಕೆ ಇರಬೇಕಾದ ಎಸಿ. ಮುಂದಿನ ಜಾಳಿಗೆ ಬಿಚ್ಚಿ ಒಳಗೆ ನೋಡಿದೆ... ಏನೂ ಇಲ್ಲ. ಮಷೀನೇ ಇಲ್ಲ. ಬರೀ ತಗಡಿನ ಡಬ್ಬಿ. ತಪಾಸಣೆಗೆ ಬಂದವರು ಹೊರಗಿನಿಂದ ನೋಡಿ ಹೋಗಲಿ ಅಂತ ಕೂರಿಸಿದ್ದರು.

ಖರೇ ಎಸಿ ಇದ್ದಿದ್ದರೆ ನಾಲ್ಕು ಮಂದಿ ಎತ್ತಬೇಕಿತ್ತು. ನಾನು ಅಲ್ಲೇ ಸಾಯ್ತಿದ್ದೆ. ಆ ಕಂಪನಿ ನನಗೆ ಮಾಡಿದ ಒಂದೇ ಉಪಕಾರ ಅದು.

ನಾಲ್ಕು ಸ್ಕ್ರೂ. ಎರಡು ಬಿಚ್ಚಿದೆ. ಉಳಿದ ಎರಡಕ್ಕೆ ತಾಳ್ಮೆ ಇರಲಿಲ್ಲ. ನೆಲಕ್ಕೆ ಬೆನ್ನು ಕೊಟ್ಟು ಎರಡೂ ಕಾಲಿಂದ ಒದ್ದೆ. ಮೂರನೇ ಏಟಿಗೆ ಡಬ್ಬಿ ಹೊರಗೆ ಬಿತ್ತು. ತೂತಿನಲ್ಲಿ ತಲೆ ತೂರಿಸಿದೆ. ತಗಡು ಸೊಂಟ ಕೊಯ್ದಿತು. ಕೊಯ್ಯಲಿ.

ಕಲ್ಲಿನ ರಾಶಿ ಮೇಲೆ ಬಿದ್ದೆ. ಎದ್ದೆ. ಓಡಿದೆ.

ಐವತ್ತು ಹೆಜ್ಜೆ ಆಗಿರಬೇಕು. ಬೆನ್ನಿಗೆ ಯಾರೋ ಬಿಸಿ ಹಲಗೆಯಿಂದ ಹೊಡೆದ ಹಾಗಾಯಿತು. ಬೋರಲು ಬಿದ್ದೆ. ತಿರುಗಿ ನೋಡಿದರೆ ಕಂಟೇನರಿನ ಬಾಗಿಲು ಚಿಲಕದ ಸಮೇತ ಹಾರಿ ಆಚೆ ಬಿದ್ದಿತ್ತು. ಹೊಗೆ ಬಿಳಿಯದು. ಅದರ ಒಳಗೆ ಬೆಂಕಿ ಉದ್ದುದ್ದಕ್ಕೆ ಚಿಮ್ಮುತ್ತಿತ್ತು.

ಸುಸ್ಸ್ ಅಂದ ಹೊತ್ತಿನಿಂದ ಅಲ್ಲಿಯವರೆಗೆ ನಾಲ್ಕು ನಿಮಿಷ.

ನಾನು ಸ್ವರೂಪಾ. ಬಶೀರಾಬಾದಿನವಳು. ವಯಸ್ಸು ನಲವತ್ತೊಂದು. ಹನ್ನೆರಡು ವರ್ಷ ಕರೆಂಟಿನ ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ ಮಾಡಿದೆ. ಫೇಲಾದ ಮಾಲಿಗೆ ಪಾಸ್ ಅಂತ ಸಹಿ ಹಾಕು ಅಂದರು. ಹಾಕಲಿಲ್ಲ. ಕೆಲಸ ಬಿಟ್ಟೆ. ಈಗ ಕರೆಂಟು ಯಾರನ್ನಾದರೂ ಸುಟ್ಟರೆ, ಕೊಂದರೆ, ಯಾಕೆ ಅಂತ ಹುಡುಕೋದು ನನ್ನ ಕೆಲಸ. ಸತ್ತವನದೇ ತಪ್ಪು ಅಂತ ಎಲ್ಲರೂ ಹೇಳಿದ ಮೇಲೆ ನನ್ನ ಹತ್ತಿರ ಬರ್ತಾರೆ.

ಮನೀಷಾ ಹಾಗೇ ಬಂದಿದ್ದಳು. ಜಹೀರಾಬಾದಿನಲ್ಲಿ ಹೊಲಿಗೆ ಮಾಡೋಳು. ಗಂಡ ತುಳಸಿರಾಮ ಇದೇ ಯಾರ್ಡಿನಲ್ಲಿ ಟೆಕ್ನಿಶಿಯನ್. ಹತ್ತು ದಿನದ ಹಿಂದೆ ಇಲ್ಲಿ ಮೊದಲ ಕಂಟೇನರ್ ಹೊತ್ತಿಕೊಂಡಾಗ ಅವನ ಎರಡೂ ಕೈ ಸುಟ್ಟವು. ಬ್ಯಾಟರಿ ಹತ್ತಿರ ಬೀಡಿ ಸೇದಿದ, ಅದಕ್ಕೇ ಬೆಂಕಿ ಬಿತ್ತು ಅಂತ ಕಂಪನಿ ಬರೆದುಕೊಟ್ಟಿತು. ಅವನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ ಅಂದಳು ಮನೀಷಾ.

ದವಾಖಾನೆಗೆ ಹೋಗಿ ಅವನನ್ನೇ ಕೇಳಿದ್ದೆ. ಮೊದಲು ಗೋಡೆ ಕಡೆ ಮುಖ ಮಾಡಿದ. ಆಮೇಲೆ ಮೆಲ್ಲಗೆ ಹೇಳಿದ. ಮಾಲು ಹೊಸದಲ್ಲ. ಎಲ್ಲೆಲ್ಲೋ ಓಡಿ ಸವೆದ ಬಸ್ಸು, ಆಟೋಗಳ ಬ್ಯಾಟರಿ. ಮೇಲೆ ಹೊಸ ಸ್ಟಿಕ್ಕರ್. ಒಂದಕ್ಕೆ ಅರ್ಧ ಜೀವ, ಇನ್ನೊಂದಕ್ಕೆ ಕಾಲು ಜೀವ. ಬಿಸಿಲು ಏರಿ ಸೋಲಾರ್ ಜೋರಾಗಿ ತುಂಬಿಸೋಕೆ ಶುರು ಮಾಡಿದರೆ, ಜೀವ ಕಮ್ಮಿ ಇದ್ದದ್ದು ಮೊದಲು ಕಾಯುತ್ತೆ. ಕಾದರೆ ಅಲಾರಾಂ ಹೊಡೆಯುತ್ತೆ. ದಿನಾ ಅಲಾರಾಂ ಆದರೆ ಕಂಪನಿ ನಡೆಯೋದು ಹೇಗೆ? ಅದಕ್ಕೆ ಶಾಖ ಅಳೆಯೋ ಸೆನ್ಸರ್ ಕಿತ್ತು, ಆ ಜಾಗಕ್ಕೆ ಕಡಲೆಕಾಳಿನಷ್ಟು ಒಂದು ರೆಸಿಸ್ಟರ್ ಬೆಸುಗೆ ಹಾಕಿದರು. ಅವತ್ತಿನಿಂದ ಸ್ಕ್ರೀನಿನಲ್ಲಿ ಒಂದೇ ಅಂಕಿ.

ಇಪ್ಪತ್ತೆಂಟು.

ಬೆಸುಗೆ ಹಾಕಿದ್ದು ಯಾರು ಅಂತ ಕೇಳಿದೆ. ಅವನು ಮತ್ತೆ ಗೋಡೆ ಕಡೆ ತಿರುಗಿದ.

ಅದನ್ನ ಕಣ್ಣಾರೆ ನೋಡಲಿಕ್ಕೆ ನಾನು ಬಂದಿದ್ದು. ಕಂಟೇನರ್ ಒಡೆಯೋ ಮುಂಚೆ ಒಂದು ಸೆನ್ಸರ್ ವೈರು ಕತ್ತರಿಸಿ ಜೇಬಿಗೆ ಹಾಕ್ಕೊಂಡಿದ್ದೆ. ತುದಿಯಲ್ಲಿ ರೆಸಿಸ್ಟರ್ ಇತ್ತು.

ಈಗ ಆ ಜೇಬನ್ನ ಹೊತ್ತು ಅಲ್ಲಿಂದ ಪಾರಾಗಬೇಕಿತ್ತು.

ನನ್ನ ಬೈಕು ಪಕ್ಕದ ಕಲ್ಲು ಪಾಲಿಶ್ ಕಾರ್ಖಾನೆಯ ಹಿಂದೆ ನಿಂತಿತ್ತು. ಕಿಕ್ ಹೊಡೆದೆ. ಅಷ್ಟರಲ್ಲಿ ಪೀರಪ್ಪ ನನ್ನನ್ನ ನೋಡಿದ. ಕಿವಿಗೆ ಫೋನ್ ಹಚ್ಚಿಕೊಂಡಿದ್ದ. ಆ ಕಡೆಯಿಂದ ಯಾರು ಏನು ಹೇಳಿದರೋ, ಫೋನ್ ಇಟ್ಟು ಜೀಪು ಹತ್ತಿದ.

ಖಣಿಯ ದಾರಿ ಅಂದರೆ ದಾರಿಯಲ್ಲ. ಎರಡೂ ಕಡೆ ಆಳೆತ್ತರಕ್ಕೆ ಒಟ್ಟಿದ ಶಹಾಬಾದಿ ಕಲ್ಲಿನ ಚಪ್ಪಡಿಗಳು. ತಿರುವಿನ ಮೇಲೆ ತಿರುವು. ಜೀಪು ಹಿಂದಿನಿಂದ ಒಂದು ಸಲ ಮುಟ್ಟಿತು. ನನ್ನ ನಂಬರ್ ಪ್ಲೇಟು ಹಾರಿತು. ಎರಡನೇ ಸಲ ಮುಟ್ಟಿದರೆ ನಾನೇ ಹಾರೋಳು.

ಮುಂದೆ ಬಯಲು ಬಂತು. ಬೆಳ್ಳಗೆ, ಸಪಾಟು, ಸಿಮೆಂಟ್ ಅಂಗಳದ ಥರ.

ಅದು ಅಂಗಳ ಅಲ್ಲ. ಕಲ್ಲು ಪಾಲಿಶ್ ಮಾಡಿದ ನೀರು, ಪುಡಿ, ಎಲ್ಲಾ ತಂದು ಸುರಿಯೋ ಹೊಂಡ. ಮೇಲೆ ಬಿಸಿಲಿಗೆ ಒಣ ಪದರ ಕಟ್ಟುತ್ತೆ. ಒಳಗೆ ಎದೆಮಟ್ಟ ಕೆಸರು. ನಮ್ಮಪ್ಪ ಈ ಖಣಿಗಳಲ್ಲಿ ಇಪ್ಪತ್ತು ವರ್ಷ ಕಲ್ಲು ಒಡೆದವನು. ನನಗೆ ಗೊತ್ತಿತ್ತು. ಕಾರಿನಲ್ಲಿ ಬಂದು ಕಾರಿನಲ್ಲಿ ಹೋಗೋ ಪೀರಪ್ಪನಿಗೆ ಗೊತ್ತಿರಲಿಲ್ಲ.

ನಾನು ಅಂಚು ಹಿಡಿದು ಸುತ್ತಿದೆ. ಅವನು ಅಡ್ಡ ಹಾಯಿಸಿದ.

ಜೀಪು ಹತ್ತು ಗಜ ಹೋಯಿತು. ಆಮೇಲೆ ಮೂಗು ಕೆಳಗಾಯಿತು. ಬಾಗಿಲ ಮಟ್ಟಕ್ಕೆ ಇಳಿದು ನಿಂತಿತು. ಪೀರಪ್ಪ ಕಿಟಕಿಯಿಂದ ಇಳಿದ, ಎದೆಯವರೆಗೆ ಬೆಳ್ಳಗಾದ.

ನಾನು ಅಂಚಿನಲ್ಲಿ ಬೈಕು ನಿಲ್ಲಿಸಿದೆ.

"ಈ ಮಾಲು ಇನ್ನೆಲ್ಲೆಲ್ಲಿ ಹೋಗ್ಯದ?"

ಅವನು ಹೊಗೆ ಕಡೆ ನೋಡ್ತಿದ್ದ. ಅರ್ಧ ಗಂಟೆ ಕೂಡಿಸಿ ಹೆದರಿಸು ಅಂತ ಅಷ್ಟೇ ಹೇಳಿದ್ದರಂತೆ. ಹೀಗಾಗ್ತದ ಅಂತ ಯಾರೂ ಹೇಳಿರಲಿಲ್ಲ ಅಂದ.

"ನಾ ಕೇಳಿದ್ದು ಅದಲ್ಲ."

"ನಾರಾಯಣಖೇಡ," ಅಂದ. "ಹುಡುಗ್ಯಾರ ಹಾಸ್ಟೆಲ್‌ಗ ಒಂದು ಕೊಟ್ಟಾರ. ಇವತ್ತ ಐದಕ್ಕ ಉದ್ಘಾಟನಾ ಅದ."

ಖಣಿಯ ಕೆಲಸದವರೊಬ್ಬರ ಫೋನ್ ಇಸಕೊಂಡು ಅಗ್ನಿಶಾಮಕದವರಿಗೆ ಹಚ್ಚಿದೆ. ತಾಂಡೂರಿಗೆ ಗಾಡಿ ಬರ್ತಿದೆ ಅಂದರು. ನಾರಾಯಣಖೇಡದಲ್ಲಿ ಬೆಂಕಿ ಬಿದ್ದಿದೆಯಾ ಅಂತ ಕೇಳಿದರು. ಇನ್ನೂ ಇಲ್ಲ ಅಂದೆ. ಬಿದ್ದ ಮೇಲೆ ಫೋನ್ ಮಾಡಿ ಅಂದರು. ಪೊಲೀಸರಿಗೆ ಹಚ್ಚಿದೆ. ಲಿಖಿತ ದೂರು ಬೇಕು ಅಂದರು.

ಪೀರಪ್ಪನನ್ನ ಕೆಸರಿನಿಂದ ಎತ್ತೋದನ್ನ ಕೆಲಸದವರಿಗೆ ಒಪ್ಪಿಸಿ ಬೈಕು ತಿರುಗಿಸಿದೆ. ಮಧ್ಯಾಹ್ನ ಒಂದೂವರೆ ಆಗಿತ್ತು.

ಜಹೀರಾಬಾದ್ ದಾರಿಯಲ್ಲೇ ಸಿಗುತ್ತೆ. ನಿಲ್ಲಲೇಬೇಕಿತ್ತು. ಹಾಸ್ಟೆಲಿನ ಬ್ಯಾಟರಿ ಜೋಡಿಸಿದವನೂ ತುಳಸಿರಾಮನೇ ಅಂತ ಪೀರಪ್ಪ ಹೇಳಿದ್ದ. ಆ ಪೆಟ್ಟಿಗೆಯ ಹೊಟ್ಟೆ ಗೊತ್ತಿದ್ದವನು ಅವನೊಬ್ಬನೇ.

ಬಿಸಿಲು ನಲವತ್ತೆರಡು. ಗಾಳಿ ಮುಖಕ್ಕೆ ಒಲೆ ಊದಿದ ಹಾಗೆ. ಸೊಂಟದ ರಕ್ತ ಒಣಗಿ ಅಂಗಿಗೆ ಅಂಟಿತ್ತು. ಪ್ರತಿ ಗುಂಡಿಗೂ ಕಿತ್ತು ಬರ್ತಿತ್ತು.

ಮೂರೂ ಹತ್ತಕ್ಕೆ ದವಾಖಾನೆಯ ವಾರ್ಡಿನ ಬಾಗಿಲಲ್ಲಿ ನಿಂತೆ. ಒಳಗೆ ನನಗಿಂತ ಮೊದಲು ಬಂದವನೊಬ್ಬ ಇದ್ದ.

ನರಸಿಂಹುಲು. ಸೂರ್ಯಖಜಾನಾ, ಅಂದರೆ ಆ ಯಾರ್ಡಿನ ಕಂಪನಿಯ ಮಾಲೀಕ. ಬಿಳಿ ಅಂಗಿ, ಮೆತ್ತಗಿನ ದನಿ. ತೆಲುಗು, ಉರ್ದು, ಕನ್ನಡ ಮೂರನ್ನೂ ಬೆರೆಸಿ ಮಾತಾಡ್ತಾನೆ. ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ಕೂತಿದ್ದ. ತೊಡೆ ಮೇಲೆ ಒಂದು ಕಾಗದ. ಬೀಡಿ ಸೇದಿದ್ದು ನಾನೇ ಅಂತ ತುಳಸಿರಾಮ ಒಪ್ಪಿಕೊಂಡ ಕಾಗದ. ಅವನ ಕೈಗೆ ಪಟ್ಟಿ ಸುತ್ತಿತ್ತು, ಹೆಬ್ಬೆಟ್ಟೂ ಒತ್ತುವ ಹಾಗಿರಲಿಲ್ಲ. ಅದಕ್ಕೆ ಹೆಂಡತಿಯ ಸಹಿ ಕೇಳ್ತಿದ್ದ. ಮನೀಷಾ ಪೆನ್ನು ಮುಟ್ಟದೆ ಕೈ ಕಟ್ಟಿ ನಿಂತಿದ್ದಳು.

ನನ್ನನ್ನ ನೋಡಿ ಅವನು ಗಾಬರಿ ಆಗಲಿಲ್ಲ. ಕೂರಮ್ಮಾ ಅಂದ. ನಾನು ಕೂರಲಿಲ್ಲ.

ಆಮೇಲೆ ಪಾಠ ಶುರುವಾಯಿತು. ಸೂರ್ಯ ಆರಕ್ಕೆ ಮುಳುಗ್ತಾನೆ, ಜನಕ್ಕೆ ಕರೆಂಟು ಬೇಕಾಗೋದು ಏಳಕ್ಕೆ. ಆ ಸಂದು ತುಂಬೋದು ಬ್ಯಾಟರಿ ಒಂದೇ. ಹೊಸ ಮಾಲಿಗೆ ಕಾದು ಕೂತರೆ ಹತ್ತು ವರ್ಷ ಹೋಗುತ್ತೆ. ಹಳೇದರಲ್ಲೂ ಜೀವ ಇರುತ್ತೆ. ಒಂದೆರಡು ಕಡೆ ಸುಟ್ಟರೆ ಸುಟ್ಟಿತು. ನಿನ್ನಂಥವರು ಹೀಗೆ ಗುಲ್ಲೆಬ್ಬಿಸಿದರೆ ನಾಳೆ ಯಾವ ಊರೂ ಬ್ಯಾಟರಿ ಇಡಿಸೋದಿಲ್ಲ. ಸೋಲಾರಿಗೆ ದ್ರೋಹ ಮಾಡ್ತಿರೋದು ನೀನು... ಹೀಗೆ.

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಅದೇ ಸಿಟ್ಟು ಬರಿಸೋದು. ಬ್ಯಾಟರಿ ಬೇಕು. ಹಳೇ ಸೆಲ್ಲನ್ನೂ ಒಂದೊಂದಾಗಿ ಪರೀಕ್ಷೆ ಮಾಡಿ, ಸಮ ಜೀವದ್ದನ್ನ ಸಮಕ್ಕೆ ಕೂರಿಸಿ, ತಣ್ಣಗಿಟ್ಟು, ಮನುಷ್ಯರಿಂದ ದೂರ ಇಟ್ಟರೆ ದುಡಿಯುತ್ತೆ. ಅದಕ್ಕೆ ಕೆಲಸ ಮಾಡಬೇಕು. ಇವನು ಸ್ಟಿಕ್ಕರ್ ಹಚ್ಚಿದ.

"ಸೂರ್ಯನದೂ ತಪ್ಪಿಲ್ಲ, ಬ್ಯಾಟರಿದೂ ತಪ್ಪಿಲ್ಲ," ಅಂದೆ. "ಸೆನ್ಸರ್ ಕಿತ್ತಿದ್ದು ನೀನು."

"ಕಿತ್ತವನು ಇಲ್ಲೇ ಮಲಗ್ಯಾನ," ಅಂತ ಮಂಚದ ಕಡೆ ಕೈ ತೋರಿಸಿದ ನರಸಿಂಹುಲು. "ಕೇಸಾದರೆ ಮೊದಲು ಜೇಲಿಗೆ ಹೋಗೋನು ಇವನು. ಕೇಳು."

ಮನೀಷಾ ಗಂಡನ ಮುಖ ನೋಡಿದಳು. ಅವಳಿಗೆ ಈ ಮಾತು ಗೊತ್ತಿರಲಿಲ್ಲ.

ತುಳಸಿರಾಮ ಎದ್ದು ಕೂರೋಕೆ ನೋಡಿದ. ಕೈ ಊರೋ ಹಾಗಿರಲಿಲ್ಲ. ಮನೀಷಾ ಬೆನ್ನಿಗೆ ಕೈ ಕೊಟ್ಟು ಕೂರಿಸಿದಳು.

"ರೆಸಿಸ್ಟರ್ ನಾನೇ ಹಚ್ಚೀನ್ರಿ," ಅಂದ. "ಸಾರು ಎದುರಿಗಿ ನಿಂತು ಹಚ್ಚಿಸ್ಯಾರ. ಎಂಟು ಕಂಟೇನರಿಗಿ, ಹಾಸ್ಟೆಲಿನ ಪೆಟಗಿಗಿ, ಎಲ್ಲಾದಕ್ಕೂ. ಯಾರ ಮುಂದ ಬೇಕಾದ್ರೂ ಹೇಳ್ತೀನಿ."

ನರಸಿಂಹುಲು ಮತ್ತೆ ಜೇಲಿನ ಮಾತೆತ್ತಿದ.

"ಹೋಗ್ತೀನ್ರಿ," ಅಂದ ತುಳಸಿರಾಮ. "ಅಲ್ಲ್ಯಾದ್ರೂ ನಿದ್ದಿ ಬರ್ತದ."

ಮನೀಷಾ ಕಾಗದ ತಗೊಂಡು ನಾಲ್ಕು ಚೂರು ಮಾಡಿ ಕಸದ ಡಬ್ಬಿಗೆ ಹಾಕಿದಳು. ಹೊಲಿಗೆಯವಳು. ನೇರಕ್ಕೆ ಹರಿದಳು.

ನರಸಿಂಹುಲು ಫೋನ್ ಒತ್ತುತ್ತಾ ಹೊರಗೆ ಹೋದ. ಯಾರಿಗೆ ಹಚ್ಚಿದ ಅಂತ ಆಮೇಲೆ ಗೊತ್ತಾಯಿತು.

ತುಳಸಿರಾಮ ಬೇಗ ಬೇಗ ಹೇಳಿದ. ಪೆಟ್ಟಿಗೆ ಇಟ್ಟಿರೋದು ಮೆಟ್ಟಿಲ ಕೆಳಗೆ. ಮಾಳಿಗೆಗೆ ಅದೊಂದೇ ಮೆಟ್ಟಿಲು. ಬೇಡ ಅಂತ ಹೇಳಿದ್ದನಂತೆ, ವೈರು ಉಳಿಯುತ್ತೆ ಅಂತ ಅಲ್ಲೇ ಇಡಿಸಿದರಂತೆ. ಮುಂದಿರೋ ಕೆಂಪು ಸ್ವಿಚ್ಚು ದೀಪಗಳನ್ನ ಮಾತ್ರ ಆರಿಸುತ್ತೆ. ಸೋಲಾರಿಂದ ಬ್ಯಾಟರಿಗೆ ಬರೋದನ್ನ ತಪ್ಪಿಸಬೇಕು ಅಂದರೆ ಚಾವಣಿ ಮೇಲಿನ ಹಳದಿ ಪೆಟ್ಟಿಗೆಗೇ ಹೋಗಬೇಕು. ಪೆಟ್ಟಿಗೆಗೆ ಕೆಳಗೆ ನಾಲ್ಕು ಗಾಲಿ ಇವೆ.

"ಉದ್ಘಾಟನಾ ಐದಕ್ಕ," ಅಂದೆ. "ಅಲ್ಲಿತನಕ ಚಾಲೂ ಇರೂದಿಲ್ಲಲ್ಲ?"

"ಮುಂಜಾನಿಂದ ಚಾಲೂ ಇರ್ತದ ಅಕ್ಕಾ," ಅಂದ. "ಸಂಜಿಗಿ ದೀಪ ಹಚ್ಚಿ ತೋರಸ್ಬೇಕಲ್ಲ. ತುಂಬಾಕ ಇಟ್ಟಿರ್ತಾರ."

ಮನೀಷಾ ಹಾಸ್ಟೆಲಿನ ವಾರ್ಡನ್‌ಗೆ ಫೋನ್ ಹಚ್ಚಿಕೊಟ್ಟಳು. ವಾರ್ಡನ್ ಹೆಸರು ಭೂದೇವಿ. ನಾನು ಎರಡು ಮಾತು ಹೇಳೋದರಲ್ಲಿ ಆಕೆ ತಡೆದರು. ನಿಮ್ಮಂಥವರು ಫೋನ್ ಮಾಡ್ತಾರೆ ಅಂತ ಈಗಷ್ಟೇ ಸಾರು ಹೇಳಿದರು ಅಂದರು. ಈ ಮಕ್ಕಳು ಎರಡು ವರ್ಷ ಮೇಣದಬತ್ತಿ ಹಚ್ಚಿ ಓದ್ಯಾರೆ, ಬೆಳಕು ಬರೋ ದಿನ ಅಡ್ಡ ಬರಬೇಡಿ ಅಂದರು. ಇಟ್ಟರು.

ನಾನು ಬೈಕಿಗೆ ಓಡಿದೆ.

ಮಂಜೀರಾ ಸೇತುವೆ ದಾಟಿದ್ದು ನೆನಪಿದೆ. ನೀರು ಕಮ್ಮಿಯಾಗಿ ಬಂಡೆ ಕಾಣ್ತಿದ್ದವು. ಒಂದು ಕಡೆ ಕುರಿ ಹಿಂಡು ರಸ್ತೆ ತುಂಬಿತ್ತು. ಇಳಿದು ಬೈಕು ಹೊಲಕ್ಕೆ ಇಳಿಸಿ, ನೂಕಿ, ಆಚೆ ಹತ್ತಿಸಿದೆ. ಇಡೀ ದಾರಿ ಒಂದೇ ಲೆಕ್ಕ. ನಾಲ್ಕು ನಿಮಿಷ. ನಾಲ್ಕೇ ನಿಮಿಷ.

ಐದಕ್ಕೆ ಹತ್ತು ನಿಮಿಷ ಇರುವಾಗ ಹಾಸ್ಟೆಲಿನ ಗೇಟು ಹೊಕ್ಕೆ.

ವೆರಾಂಡಕ್ಕೆ ಕೆಂಪು ರಿಬ್ಬನ್. ಮೆಟ್ಟಿಲ ಕೆಳಗೆ ಬಟ್ಟೆ ಅಲ್ಮಾರಿಯಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ. ಅದಕ್ಕೆ ಚೆಂಡು ಹೂವಿನ ಹಾರ. ಭೂದೇವಿ ಅಡ್ಡ ನಿಂತರು. ಐವತ್ತರ ಹೆಂಗಸು, ಇಸ್ತ್ರಿ ಸೀರೆ, ಕಣ್ಣಲ್ಲಿ ಬೆಂಕಿ. ನನ್ನ ಅಂಗಿಯ ರಕ್ತ ನೋಡಿ ಇನ್ನೂ ಗಟ್ಟಿಯಾದರು. ಪೆಟ್ಟಿಗೆಯ ಸ್ಕ್ರೀನ್ ತೋರಿಸಿದರು. ನೋಡ್ರಿ, ತಣ್ಣಗೇ ಅದ ಅಂದರು.

ಇಪ್ಪತ್ತೆಂಟು.

ವಾದ ಮಾಡೋಕೆ ಟೈಮ್ ಇರಲಿಲ್ಲ. ಜೇಬಿನಿಂದ ವೈರು ತೆಗೆದು ಅವರ ಕೈಗಿಟ್ಟೆ.

"ಸೆನ್ಸರ್ ಕಿತ್ತು ಇದನ್ನ ಹಚ್ಚ್ಯಾರ ಮೇಡಂ. ಹೊರಗ ನಲವತ್ತೆರಡು ಅದ. ಫ್ಯಾನ್ ಸುದ್ದಾ ಇಲ್ಲದ ಪೆಟಗ್ಯಾಗ ಇಪ್ಪತ್ತೆಂಟು ಹೆಂಗ? ನನ್ನ ಮಾತು ನಂಬಬ್ಯಾಡ್ರಿ. ಕೈ ಇಟ್ಟು ನೋಡ್ರಿ."

ಅವರು ಹಾರ ಸರಿಸಿ ಅಂಗೈ ಇಟ್ಟರು.

ತಟ್ಟನೆ ಕಿತ್ತರು. ಅಂಗೈ ನೋಡಿಕೊಂಡರು. ಮತ್ತೆ ನನ್ನನ್ನ ನೋಡಲಿಲ್ಲ, ಮೇಲಕ್ಕೆ ನೋಡಿದರು. ಮಾಳಿಗೆಯಲ್ಲಿ ಹುಡುಗಿಯರು ಹಾಡು ಪ್ರಾಕ್ಟೀಸ್ ಮಾಡ್ತಿದ್ದರು. ಎಷ್ಟು ಜನ ಅಂತ ಕೇಳಿದೆ. ಎಂಬತ್ತಾರು ಅಂದರು.

ಎರಡೆರಡು ಮೆಟ್ಟಿಲು ಹಾರಿ ಚಾವಣಿಗೆ ಹೋದೆ. ಹಳದಿ ಪೆಟ್ಟಿಗೆ, ಒಳಗೆ ಹಿಡಿಕೆ. ಎಳೆದೆ. ಸೋಲಾರ್ ನಿಂತಿತು. ಇಳೀತಾ ಮಧ್ಯದ ಮೆಟ್ಟಿಲಲ್ಲಿ ನನಗೆ ಆ ಸದ್ದು ಕೇಳಿಸಿತು.

ಸುಸ್ಸ್.

ಒಂದು ಸಲ ಶುರುವಾದ ಮೇಲೆ ಸ್ವಿಚ್ಚಿನ ಮಾತು ಅದು ಕೇಳೋದಿಲ್ಲ.

ಹುಡುಗಿಯರು ಇಷ್ಟೂ ಜನ ಇಳಿಯೋಕೆ ಎಷ್ಟು ಹೊತ್ತು ಬೇಕು ಅಂತ ಭೂದೇವಿಯನ್ನ ಕೇಳಿದೆ. ಊಟದ ಗಂಟೆ ಹೊಡೆದರೆ ಹತ್ತು ನಿಮಿಷ ಅಂದರು. ಮೆಟ್ಟಿಲು ಅಷ್ಟು ಸಣ್ಣದು.

ಇದ್ದದ್ದು ನಾಲ್ಕು.

ಅದಕ್ಕೆ ಇಳಿಸಬೇಡಿ ಅಂದೆ. ಎಲ್ಲರನ್ನೂ ಮಾಳಿಗೆಯ ಆ ತುದಿಯ ಕೋಣೆಗೆ ಕರಕೊಂಡು ಹೋಗಿ, ಹಸಿ ಬಟ್ಟೆ ಮೂಗಿಗೆ, ಮೆಟ್ಟಿಲ ಕಡೆಯ ಬಾಗಿಲು ಮುಚ್ಚಿ, ಆಚೆ ಕಿಟಕಿ ತೆಗೀರಿ. ಭೂದೇವಿ ಎರಡನೇ ಪ್ರಶ್ನೆ ಕೇಳಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಮೇಲೆ ಓಡಿದರು. ಅವರ ದನಿ ಕೇಳಿಸಿತು. ಹಾಡು ನಿಂತಿತು.

ನಾನು ಪೆಟ್ಟಿಗೆಯ ವೈರುಗಳನ್ನ ಬಿಡಿಸಿದೆ. ಬೈಕಿನ ಡಿಕ್ಕಿಯಲ್ಲಿದ್ದ ರಬ್ಬರ್ ಕೈಗವಸು ತೊಟ್ಟು ಒಂದೊಂದೇ. ಆಮೇಲೆ ಹೆಗಲು ಕೊಟ್ಟು ನೂಕಿದೆ. ಅರ್ಧ ಅಡಿ ಸರಿಯಿತು. ಮುಂದೆ ನೆಲಕ್ಕೆ ಹಾಸಿದ ಕಲ್ಲಿನ ಅಂಚು. ಗಾಲಿ ಅಲ್ಲಿ ಸಿಕ್ಕಿಕೊಂಡಿತು. ಅಂಗಿ ಮೂಲಕ ಬಿಸಿ ಹೆಗಲನ್ನ ಸುಡ್ತಿತ್ತು. ನೂಕಿದೆ. ಅಲ್ಲಾಡಲಿಲ್ಲ.

ಆಗ ಗೇಟಿನಲ್ಲಿ ಜೀಪು ಬಂತು.

ಬಿಳಿ ಕೆಸರು ಮೆತ್ತಿದ ಜೀಪು. ಒಳಗೆ ಬಿಳಿ ಕೆಸರು ಮೆತ್ತಿದ ಪೀರಪ್ಪ. ಹೊಂಡದಿಂದ ಕ್ರೇನಿನವರು ಎಳೆದಿದ್ದ ಸರಪಳಿ ಬಂಪರಿನಲ್ಲಿ ಇನ್ನೂ ನೇತಾಡ್ತಿತ್ತು. ಕೈಯಲ್ಲಿ ಕಬ್ಬಿಣದ ರಾಡು ಹಿಡಿದು ಇಳಿದ.

"ನಿಮ್ಮನ್ನ ತಡೀಬೇಕು ಅಂತ ಹೇಳ್ಯಾರ," ಅಂದ.

"ತಡಿ," ಅಂದೆ. "ಮೊದಲು ಇಲ್ಲಿ ಕಿವಿ ಕೊಟ್ಟು ಕೇಳು."

ಅವನು ಕೇಳಿದ. ಆ ಸದ್ದು ಅವನಿಗೆ ಗೊತ್ತಾಯಿತು. ಮಧ್ಯಾಹ್ನ ಬಾಗಿಲ ಆಚೆ ನಿಂತು ಕೇಳಿದ್ದ, ಲೆಕ್ಕಕ್ಕೆ ತಗೊಂಡಿರಲಿಲ್ಲ. ಮೇಲೆ ಯಾರೋ ಹುಡುಗಿ ಕೆಮ್ಮಿದಳು. ಪೀರಪ್ಪ ಸೂರು ನೋಡಿದ.

ರಾಡು ನೆಲಕ್ಕೆ ಬಿತ್ತು. ಜೀಪು ತಿರುಗಿಸಿ ಮುಸುಡಿ ವೆರಾಂಡದ ಕಡೆಗೆ ತಂದು ನಿಲ್ಲಿಸಿದ. ರಿಬ್ಬನ್ ಬಾನೆಟ್ಟಿಗೆ ಸಿಕ್ಕಿ ಹರಿಯಿತು. ಉದ್ಘಾಟನೆ ಆಯಿತು ಅನ್ನಿ.

ಸರಪಳಿಯನ್ನ ಪೆಟ್ಟಿಗೆಗೆ ಎರಡು ಸುತ್ತು ಸುತ್ತಿ ಕೊಕ್ಕೆ ಹಾಕಿದೆ. ಸಂದಿನಿಂದ ಬಿಳಿ ಹೊಗೆ ಬರ್ತಿತ್ತು. ಎಳಿ ಅಂದೆ. ಅವನು ರಿವರ್ಸ್ ಹಾಕಿ ಎಳೆದ. ಗಾಲಿ ಮುರಿಯಿತು. ಪೆಟ್ಟಿಗೆ ಮಗುಚಿ ಬಿತ್ತು. ಬಿದ್ದದ್ದೇ ಒಳ್ಳೆಯದಾಯಿತು, ಮಲಗಿದ ಪೆಟ್ಟಿಗೆ ಕಲ್ಲಿನ ಮೇಲೆ ಜಾರಿತು. ಮೆಟ್ಟಿಲು ಮೂರು. ಧಡ್, ಧಡ್, ಧಡ್. ಅಂಗಳ. ಹಿಂದೆ ಖಾಲಿ ಮೈದಾನ.

ಅರ್ಧ ಮೈದಾನದಲ್ಲಿ ಬೆಂಕಿ ಕಾರಿತು. ನೀಲಿ, ಆಮೇಲೆ ಬಿಳಿ. ಜೀಪಿನ ಮೂತಿಯಿಂದ ಎರಡು ಗಜ. ಪೀರಪ್ಪ ಹೆದರಿ ಪೂರ್ತಿ ಒತ್ತಿದನೋ ಏನೋ, ಬಂಪರೇ ಕಿತ್ತು ಬಂತು. ಪೆಟ್ಟಿಗೆ ಅಲ್ಲೇ ಉಳಿಯಿತು. ಜೀಪು ಕಾಂಪೌಂಡ್ ಗೋಡೆಗೆ ಹಿಂಬದಿ ಗುದ್ದಿಕೊಂಡು ನಿಂತಿತು.

ಅಷ್ಟೊತ್ತಿಗೆ ಒಡೆಯಿತು. ಹಾಸ್ಟೆಲಿನ ಗಾಜುಗಳು ಉದುರಿದವು.

ಗಾಜುಗಳು ಮಾತ್ರ.

ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಭೂದೇವಿ ಗೇಟಿನ ಆಚೆ ನಿಲ್ಲಿಸಿ ಎಣಿಸಿದರು. ಎಂಬತ್ತಾರು. ನಂಬದೆ ಮತ್ತೆ ಎಣಿಸಿದರು. ಎಂಬತ್ತಾರು. ಆಮೇಲೆ ಇಸ್ತ್ರಿ ಸೀರೆಯಲ್ಲೇ ಮಣ್ಣಲ್ಲಿ ಕೂತುಬಿಟ್ಟರು.

ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಒಂದು ಮಾತು ಕೇಳಿದರು. ಹಾಗಾದರೆ ಈ ಮಕ್ಕಳು ಇನ್ನು ಕತ್ತಲಲ್ಲೇ ಓದಬೇಕಾ ಅಂತ. ಇಲ್ಲ ಅಂದೆ. ಖರೇ ಬ್ಯಾಟರಿ ಹಾಕಿಸೋಣ, ಹೊರಗೆ, ಗೋಡೆ ಕಟ್ಟಿ, ನೆರಳು ಮಾಡಿ. ನಾನೇ ಬಂದು ಒಂದೊಂದೂ ಅಳೀತೀನಿ ಅಂದೆ.

ನರಸಿಂಹುಲು ಉದ್ಘಾಟನೆಗೆ ಬರಲಿಲ್ಲ. ತಲೆನೋವಂತೆ.

ಬೆಂಕಿ ಮೂರು ಸಲ ಆರಿತು, ಮೂರು ಸಲ ಎದ್ದಿತು. ಮರುದಿನದವರೆಗೆ ಟ್ಯಾಂಕರ್ ನೀರು ಹೊಯ್ದರು. ಈಗ ಫೋನ್ ಮಾಡಿದರೆ ಗಾಡಿ ಬಂತು, ಬೆಂಕಿ ಬಿದ್ದಿತ್ತಲ್ಲ.

ಆಮೇಲೆ ಆಗಿದ್ದು ಇಷ್ಟು. ತುಳಸಿರಾಮ ಪಟ್ಟಿ ಸುತ್ತಿದ ಕೈಯಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ತನ್ನ ತಪ್ಪನ್ನೂ ಬಿಡದೆ ಹೇಳಿದ. ಯಾರ್ಡಿಗೆ ಬೀಗ ಬಿತ್ತು. ಬೀಡಿಯ ಮಾತು ಯಾರೂ ಮತ್ತೆ ಎತ್ತಲಿಲ್ಲ. ಪೀರಪ್ಪನ ಮೇಲೆ ನಾನು ಕೇಸು ಹಾಕಿದೆ, ಕಂಟೇನರಿನಲ್ಲಿ ಕೂಡಿಹಾಕಿದ್ದಕ್ಕೆ. ಪೆಟ್ಟಿಗೆ ಎಳೆದದ್ದಕ್ಕೆ ಠಾಣೆಯ ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಥ್ಯಾಂಕ್ಸ್ ಹೇಳಿದೆ. ಎರಡೂ ಬೇರೆ ಬೇರೆ. ಅವನೂ ಒಪ್ಪಿದ.

ನರಸಿಂಹುಲು ಹೈದರಾಬಾದಿನ ಯಾವುದೋ ದವಾಖಾನೆಯಲ್ಲಿ ಎದೆನೋವು ಅಂತ ಮಲಗಿದ. ಮಲಗಿದಲ್ಲಿಂದಲೇ ನನ್ನ ಮೇಲೆ ದೂರು ಕೊಡಿಸಿದ. ಅತಿಕ್ರಮ ಪ್ರವೇಶ. ಸುಳ್ಳು ವೇಷ. ಕಂಪನಿ ಆಸ್ತಿ ನಾಶ.

ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ಚಹಾ ಕುಡಿಸಿದರು. ಇಲ್ಲ ಅಂತ ಒಂದು ಮಾತು ಬರೆದುಕೊಡಿ ಮೇಡಂ, ನಾನು ನೋಡ್ಕೋತೀನಿ ಅಂದರು. ಪೆನ್ನು ಹಿಡಿದು ಕೇಳಿದರು, ಕಂಪನಿಯ ಬ್ಯಾಟರಿ ಹಾಳು ಮಾಡಿದ್ದು ನೀವಾ ಅಂತ.

"ಹೌದ್ರಿ, ಬರಕೋರಿ," ಅಂದೆ. "ಒಂದೇ ಮಾಡಾಕ ಆತು. ಯಾರ್ಡಿನ್ಯಾಗ ಉಳಿದ ಆರು ಕಂಟೇನರಿಗಿ ಟೈಮ್ ಸಿಗಲಿಲ್ಲ."